ಸೀಮೆಗೊಬ್ಬರದ ಋಣ

ಹೇಮಶ್ರೀಗೆ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ವರ್ಷವಾಗುತ್ತ ಬಂದಿದ್ದರೂ, ಅಲ್ಲಿ ಏನು ತಯಾರಾಗುತ್ತದೆ ಎಂಬುದು ಅವಳ ಅಜ್ಜಿ ಮಂಜುಳಮ್ಮನವರಿಗೆ ಸರಿಯಾಗಿ ತಿಳಿದಿರಲಿಲ್ಲ. ಕಬ್ಬಿಣದ ಕೆಲಸ ಎಂದು ಗೊತ್ತಿತ್ತು. ಮೊಮ್ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ, ಮಿಷನ್ನಿನಿಂದ ಇಳಿದ ಸಾಮಾನನ್ನು ಅಳೆದು ನೋಡಿ ಸರಿಯಿದೆಯೋ ಇಲ್ಲವೋ ಹೇಳುವುದು ಅವಳ ಕೆಲಸ ಎಂದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ. ಹುಡುಗಿ ಬೆಳಿಗ್ಗೆ ಹೋಗಿ ಸಂಜೆ ಕ್ಷೇಮವಾಗಿ ಮನೆ ಸೇರಿದರೆ ಸಾಕು ಎನ್ನುವುದು ಅವರ ಲೆಕ್ಕ.

ಒಂದು ಭಾನುವಾರ, ಹಲಸೂರಿನ ಮನೆಯ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಅಜ್ಜಿ ದಂಟಿನ ಸೊಪ್ಪು ಬಿಡಿಸುತ್ತಿದ್ದಾಗ, ಹೇಮಶ್ರೀ ಪಕ್ಕದಲ್ಲಿ ಕೂತು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಸಮುದ್ರದ ದಂಡೆಯ ಮೇಲೊಂದು ಭಾರಿ ಕಾರ್ಖಾನೆ. ಎಲ್ಲಿ ನೋಡಿದರೂ ಕೊಳವೆಗಳು, ಎತ್ತರದ ಕಂಬಗಳು, ಬಿಳಿ ಹಬೆ. ತಾವು ಮಾಡುವ ವಾಲ್ವುಗಳು ಹೋಗುವುದು ಇಲ್ಲಿಗೇ ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಅಲ್ಲಿ ಅಮೋನಿಯಾ ಮಾಡುತ್ತಾರೆ, ಅಮೋನಿಯಾದಿಂದ ಯೂರಿಯಾ ಮಾಡುತ್ತಾರೆ.

ಯೂರಿಯಾ ಎಂದದ್ದೇ ತಡ, ಮಂಜುಳಮ್ಮ ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಬಿಳಿ ಕಾಳುಗಳನ್ನು ಉಪ್ಪಿನ ಹಾಗೆ ಎಲ್ಲೋ ನೆಲದಿಂದ ಅಗೆದು ತರುತ್ತಾರೆ ಎಂದು ಅವರು ಇಷ್ಟು ವರ್ಷ ನಂಬಿದ್ದರು. ಇದನ್ನು ಯಾವುದರಿಂದ ಮಾಡುತ್ತಾರೆ ಎಂದು ಕೇಳಿದರು.

"ಗಾಳಿಯಿಂದ ಅಜ್ಜಿ," ಎಂದಳು ಹೇಮಶ್ರೀ.

ಅಜ್ಜಿ ನಂಬಲಿಲ್ಲ. ಹೇಮಶ್ರೀ ತನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದಳು. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಪೈರಿಗೆ ಬೇಕಾದದ್ದು ಅದೇ, ಆದರೆ ಗಾಳಿಯಲ್ಲಿರುವುದನ್ನು ಪೈರು ಹಾಗೇ ತೆಗೆದುಕೊಳ್ಳಲಾರದು. ತಲೆಯ ಮೇಲೆ ಅಷ್ಟೊಂದು ಇದ್ದರೂ ಬೇರು ಹಸಿದೇ ಇರುತ್ತದೆ. ಜರ್ಮನಿಯವರು ನೂರು ವರ್ಷದ ಹಿಂದೆ ದಾರಿ ಕಂಡುಹಿಡಿದರು. ನೆಲದಡಿಯ ಗ್ಯಾಸಿನಿಂದ ತೆಗೆದ ಜಲಜನಕವನ್ನು ಗಾಳಿಯ ಸಾರಜನಕದ ಜೊತೆ ಸೇರಿಸಿ, ಭಾರಿ ಕಾವಿನಲ್ಲಿ, ಭಯಂಕರ ಒತ್ತಡದಲ್ಲಿ, ಕಬ್ಬಿಣದ ಪುಡಿಯ ಮೇಲೆ ಹಾಯಿಸಿದರೆ ಅಮೋನಿಯಾ ಆಗುತ್ತದೆ. ಆ ಒತ್ತಡವನ್ನು ತಡೆದುಕೊಳ್ಳುವುದಕ್ಕೇ ತಮ್ಮ ವಾಲ್ವುಗಳು. ಮೊದಮೊದಲು ಅದರಿಂದ ಯುದ್ಧಕ್ಕೆ ಬೇಕಾದ ಮದ್ದನ್ನೂ ಮಾಡಿದರಂತೆ. ಈಗ ಮುಕ್ಕಾಲುಪಾಲು ಹೋಗುವುದು ಹೊಲಗಳಿಗೆ. ಭೂಮಿಯ ಮೇಲಿರುವ ಹೆಚ್ಚುಕಡಿಮೆ ಅರ್ಧ ಜನ ಉಣ್ಣುತ್ತಿರುವುದು ಇದರ ದೆಸೆಯಿಂದಲೇ ಎಂದು ಟ್ರೈನಿಂಗಿನಲ್ಲಿ ಹೇಳಿದ್ದರು.

ಮಂಜುಳಮ್ಮ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು ಮತ್ತೆ ಸೊಪ್ಪಿಗೆ ಕೈ ಹಾಕಿದರು. ಆಮೇಲೆ ಬೇರೆಯೇ ಒಂದು ಪ್ರಶ್ನೆ ಕೇಳಿದರು. ಹೇಮಶ್ರೀಯ ಕಾರ್ಖಾನೆಗೆ ಶೆಡ್ಡು ಬಾಡಿಗೆಗೆ ಕೊಟ್ಟಿರುವ ಕೆಂಪರಾಜ್ ತಮ್ಮ ಊರಿನವನು, ಬೈಲಪ್ಪನವರ ಮಗ ಎಂದು ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೇಳಿದ್ದಳಲ್ಲ, ಅವನ ತಾಯಿ ಅಂಜನಮ್ಮ ಇನ್ನೂ ಇದ್ದಾರೆಯೇ?

ಇದ್ದಾರೆ, ತೊಂಬತ್ತರ ಹತ್ತಿರ, ಎಂದಳು ಹೇಮಶ್ರೀ.

"ಹಂಗಾದ್ರೆ ನಾನು ಅವ್ರನ್ನ ನೋಡ್ಬೇಕು ಕಣೆ. ಒಂದು ಮಾತು ಹೇಳೋದು ಬಾಕಿ ಉಳ್ದಿದೆ."

ಆ ಮಾತು ಏನೆಂದು ಅವರು ಸೊಪ್ಪು ಬಿಡಿಸುತ್ತಲೇ ಮೊಮ್ಮಗಳಿಗೆ ಹೇಳಿದರು.

ಮಂಜುಳಮ್ಮ ಮದುವೆಯಾಗಿ ಬಂದದ್ದು ಕೆ.ಆರ್.ಪುರದ ಆಚೆಗಿನ ಹಳೇದಿಣ್ಣೆಗೆ. ಊರಿಗೆ ಎಂದರೆ, ಊರಿನಿಂದ ಹೊರಗಿದ್ದ ಕೇರಿಗೆ. ಗಂಡ ಮುನಿರಾಜಪ್ಪ ಬೈಲಪ್ಪನವರ ಮನೆಯಲ್ಲಿ ಕೂಲಿಯಾಳು. ಮದುವೆಗೆ ಸ್ವಲ್ಪ ಮುಂಚೆ ಸರ್ಕಾರ ಅವರಿಗೆ ದರಖಾಸ್ತಿನಲ್ಲಿ ಒಂದು ತುಂಡು ಜಮೀನು ಮಂಜೂರು ಮಾಡಿತ್ತು. ಯಾರಿಗೂ ಬೇಡವಾಗಿ ಉಳಿದಿದ್ದ ಕಲ್ಲುದಿಣ್ಣೆ. ಗಂಡಹೆಂಡತಿ ಕಲ್ಲು ಆರಿಸಿ ಬದುವಿಗೆ ಹಾಕಿದರು, ಗುದ್ದಲಿಯಲ್ಲೇ ನೆಲ ಕೆದಕಿ ರಾಗಿ ಚೆಲ್ಲಿದರು. ಪೈರು ಗೇಣುದ್ದ ಬೆಳೆದು ಹಳದಿ ತಿರುಗಿ ನಿಂತಿತು. ಗೊಬ್ಬರವಿಲ್ಲದೆ ಈ ನೆಲದಲ್ಲಿ ಏನೂ ಆಗದು ಎಂದು ನೋಡಿದವರೆಲ್ಲ ಹೇಳಿದರು. ಗೊಬ್ಬರ ಬೇಕಾದರೆ ದನ ಬೇಕು, ದನಕ್ಕೆ ಮೇವು ಬೇಕು, ಮೇವಿಗೆ ಹೊಲ ಬೆಳೆಯಬೇಕು. ಕೇರಿಯಲ್ಲಿ ಯಾರ ಮನೆಯಲ್ಲೂ ದನವಿರಲಿಲ್ಲ.

ಮಂಜುಳಮ್ಮ ಮಂಕರಿ ಹಿಡಿದು, ಊರ ದನ ಕೆರೆಗೆ ಹೋಗುವ ದಾರಿಯಲ್ಲಿ ಬಿದ್ದ ಸಗಣಿ ಎತ್ತತೊಡಗಿದರು. ಒಂದು ದಿನ ಬೈಲಪ್ಪನವರ ದನ ಕಾಯುವವನು ಅವರನ್ನು ತಡೆದ. ನಮ್ಮ ದನದ ಸಗಣಿ ನಮ್ಮ ತಿಪ್ಪೆಗೆ ಸೇರಬೇಕು ಎಂದು ಹೇಳಿ, ಮಂಕರಿಯನ್ನು ಅವರ ಕೈಯಿಂದಲೇ ತಿಪ್ಪೆಗೆ ಸುರಿಸಿದ. ಅಂಜನಮ್ಮ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ.

ಆ ವರ್ಷ ಮಂಜುಳಮ್ಮನಿಗೆ ಹೆಣ್ಣು ಮಗು ಹುಟ್ಟಿತು. ತಾಯಿಯ ಹೊಟ್ಟೆಗೇ ಇಲ್ಲದೆ ಎದೆಯಲ್ಲಿ ಹಾಲು ಕೂಡಲಿಲ್ಲ. ಮಗು ದಿನದಿನಕ್ಕೆ ಸೊರಗಿ ಉಗಾದಿಯ ಹೊತ್ತಿಗೆ ಹೋಗಿಬಿಟ್ಟಿತು. ಇದನ್ನು ಹೇಳುವಾಗ ಮಂಜುಳಮ್ಮ ದನಿ ಬದಲಿಸಲಿಲ್ಲ. ಆದರೆ ಹೇಮಶ್ರೀಗೆ ತನಗೊಬ್ಬ ಅತ್ತೆ ಇದ್ದಳೆಂಬುದು ಅಂದೇ ತಿಳಿದದ್ದು.

ಮುಂದಿನ ಮುಂಗಾರಿನಲ್ಲಿ ಗ್ರಾಮಸೇವಕರು ಬಂದು, ಬೆಳೆದು ನೋಡಿ ಎಂದು ಊರಿನ ದೊಡ್ಡ ರೈತರಿಗೆ ಒಂದೊಂದು ಮೂಟೆ ಸೀಮೆಗೊಬ್ಬರ, ಅದೇ ಯೂರಿಯಾ, ಕೊಟ್ಟು ಹೋದರು. ಬೈಲಪ್ಪನವರಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಮೂಟೆ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದು, ಥಂಡಿ ಹೀರಿ ಹೆಂಟೆ ಕಟ್ಟಿತು. ಒಂದು ಸಂಜೆ ಅಂಜನಮ್ಮ ಮುನಿರಾಜಪ್ಪನನ್ನು ಕರೆದು, ಅದನ್ನು ತೆಗೆದುಕೊಂಡು ಹೋಗು ಎಂದರು. ಮುನಿರಾಜಪ್ಪ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದರು. ಬಳಸುವ ಬಗೆ ಗೊತ್ತಿರಲಿಲ್ಲ. ಆತುರಕ್ಕೆ ಹೊಲದ ಒಂದು ಮೂಲೆಗೆ ಹಿಡಿಹಿಡಿಯಾಗಿ ಎರಚಿದರು. ಆ ಮೂಲೆಯ ಪೈರು ಬೆಂಕಿ ತಾಗಿದ ಹಾಗೆ ಕಂದಿ ಸತ್ತಿತು. ಮುನಿರಾಜಪ್ಪ ಕೆ.ಆರ್.ಪುರದವರೆಗೆ ನಡೆದು ಗ್ರಾಮಸೇವಕರನ್ನು ಕೇಳಿ ಬಂದರು. ಪುಡಿ ಮಾಡಬೇಕು, ಮಳೆ ಬಿದ್ದು ನೆಲ ಹಸಿಯಿದ್ದಾಗ ಮಾತ್ರ ಹಾಕಬೇಕು, ಬುಡಕ್ಕೆ ತಾಗದ ಹಾಗೆ ಚಿಟಿಕೆ ಚಿಟಿಕೆ ಹಾಕಬೇಕು. ಮಂಜುಳಮ್ಮ ರಾಗಿಕಲ್ಲಿನಲ್ಲಿ ಹೆಂಟೆಗಳನ್ನು ಅರೆದರು. ಮಳೆ ಬಿದ್ದ ಮರುದಿನ ಇಬ್ಬರೂ ಸಾಲಿನುದ್ದಕ್ಕೂ ಬಗ್ಗಿ ನಡೆದರು.

"ವಾರ ಕಳೆಯೋದ್ರೊಳಗೆ ಹಸಿರು ಬಂತು ಕಣೆ. ಬೈಲಪ್ಪನೋರ ಹೊಲ ಯಾವ ಬಣ್ಣ ಇತ್ತೋ ನಮ್ಮದೂ ಅದೇ ಬಣ್ಣ. ನಿಮ್ಮ ತಾತ ಬದು ಮೇಲೆ ಕೂತು ಅದನ್ನೇ ನೋಡ್ತಿದ್ರು, ಊಟಕ್ಕೆ ಕರೆದ್ರೂ ಬರ್ಲಿಲ್ಲ."

ಆ ಸುಗ್ಗಿಯಲ್ಲಿ ಮೊದಲ ಸಲ ಮನೆಯ ಮಣ್ಣಿನ ವಾಡೆಗೆ ರಾಗಿ ತುಂಬಿತು. ಶಿವರಾತ್ರಿಗೇ ತಳ ಕಾಣುತ್ತಿದ್ದ ವಾಡೆ ಮಳೆಗಾಲದವರೆಗೆ ನಡೆಯಿತು. ಹೊಲದ ಹುಲ್ಲಿಗೆ ಒಂದು ಕರು ಬಂತು. ಅದರ ಮುಂದಿನ ವರ್ಷ ಹುಟ್ಟಿದ ಗಂಡು ಮಗುವಿಗೆ ತಾಯಿಯ ಹಾಲು ಸಾಕಾಗಿ ಮಿಕ್ಕಿತು. ಆ ಮಗುವೇ ಹೇಮಶ್ರೀಯ ಅಪ್ಪ. ಮುಂದೆ ಮುನಿರಾಜಪ್ಪನಿಗೆ ವಿಮಾನಪುರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು, ಸಂಸಾರ ಹಲಸೂರಿಗೆ ಬಂತು, ದಿಣ್ಣೆಯ ಹೊಲ ರಿಂಗ್ ರೋಡಿಗೆ ಹೋಯಿತು. ಅಂಜನಮ್ಮನ ಮನೆಯ ಬಾಗಿಲಿಗೆ ಹೋಗಿ ಒಂದು ಒಳ್ಳೆಯ ಮಾತು ಹೇಳುವುದು ಮಾತ್ರ ಆಗಲಿಲ್ಲ. ಆ ಕಾಲದಲ್ಲಿ ಆ ಬಾಗಿಲಿನವರೆಗೆ ಹೋಗುವುದೂ ಸಲೀಸಾಗಿರಲಿಲ್ಲ.

ಹೇಮಶ್ರೀ ಕೆಂಪರಾಜ್‌ಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಅವರು ಖುಷಿಯಿಂದಲೇ ಬರಹೇಳಿದರು. ಮುಂದಿನ ಭಾನುವಾರ ಅಜ್ಜಿ ಬೆಳಿಗ್ಗೆಯೇ ರಾಗಿ ಹುರಿಹಿಟ್ಟಿಗೆ ಬೆಲ್ಲ, ಏಲಕ್ಕಿ ಬೆರೆಸಿ ಸ್ಟೀಲ್ ಡಬ್ಬಿಗೆ ತುಂಬಿದರು. ಅವರು ತಿನ್ನುತ್ತಾರೋ ಇಲ್ಲವೋ, ಹಣ್ಣು ತೆಗೆದುಕೊಂಡು ಹೋದರೆ ಸಾಲದೇ ಎಂದು ಹೇಮಶ್ರೀ ಕೇಳಿದಳು. ಅಜ್ಜಿ ಡಬ್ಬಿಯ ಮುಚ್ಚಳ ಒತ್ತಿದರು.

ಹಲಸೂರಿನಲ್ಲಿ ಮೆಟ್ರೊ ಹತ್ತಿ ಕೆ.ಆರ್.ಪುರದಲ್ಲಿ ಇಳಿದರು. ಅಲ್ಲಿಂದ ಆಟೊ. ಹಳೇದಿಣ್ಣೆಯ ಗುರುತು ಮಂಜುಳಮ್ಮನಿಗೆ ಒಂದೂ ಸಿಗಲಿಲ್ಲ. ಕೆರೆಯ ಏರಿ ಮಾತ್ರ ಇತ್ತು, ಅದರ ಮೇಲೂ ಟಾರು ಬಿದ್ದಿತ್ತು. ಬೈಲಪ್ಪನವರ ತೊಟ್ಟಿಮನೆ ಇದ್ದ ಕಡೆ ಈಗ ನಾಲ್ಕಂತಸ್ತಿನ ಕಟ್ಟಡ. ಮೇಲಿನ ಮಹಡಿಗಳಲ್ಲೆಲ್ಲ ಪಿ.ಜಿ. ಹುಡುಗರು, ಕೆಳಗೆ ಮನೆಯವರು. ಕೆಂಪರಾಜ್ ಗೇಟಿನವರೆಗೆ ಬಂದು, ಬನ್ನಿ ಅಮ್ಮ ಎಂದು ಕರೆದುಕೊಂಡು ಹೋದರು.

ಅಂಜನಮ್ಮ ನಡುಮನೆಯ ಕಿಟಕಿಯ ಪಕ್ಕ ದಿವಾನದ ಮೇಲೆ ಕೂತಿದ್ದರು. ಹಲ್ಲು ಒಂದೂ ಇಲ್ಲ, ಕಣ್ಣು ಚೆನ್ನಾಗಿತ್ತು. ಮಂಜುಳಮ್ಮ ಒಳಗೆ ಕಾಲಿಟ್ಟವರು ಬಾಗಿಲ ಪಕ್ಕದಲ್ಲೇ ನಿಂತುಬಿಟ್ಟರು. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಹೋದಲ್ಲೆಲ್ಲ ತಾವೇ ಕುರ್ಚಿ ಎಳೆದುಕೊಂಡು ಕೂರುವ ಅಜ್ಜಿ ಹೀಗೆ ನಿಂತದ್ದನ್ನು ಹೇಮಶ್ರೀ ನೋಡಿರಲಿಲ್ಲ.

"ಅಮ್ಮೋರೆ, ನಾನು ಮುನಿರಾಜಪ್ಪನ ಹೆಂಡ್ತಿ," ಎಂದರು ಮಂಜುಳಮ್ಮ.

ಅಂಜನಮ್ಮ ದಿಟ್ಟಿಸಿ ನೋಡಿದರು. ದಿಣ್ಣೆ ಹೊಲದವರಾ ಎಂದು ಕೇಳಿದರು. ಹೌದೆಂದ ಮೇಲೆ, ದಿವಾನದ ಮೇಲೆ ತಮ್ಮ ಪಕ್ಕದ ಜಾಗವನ್ನು ಕೈಯಿಂದ ಸವರಿ, "ಅಲ್ಯಾಕೆ ನಿಂತೆ? ಬಾ, ಇಲ್ಲಿ ಕೂತ್ಕೋ," ಎಂದರು.

ಮಂಜುಳಮ್ಮ ಹೋಗಿ ಕೂತರು. ಡಬ್ಬಿ ತೆಗೆದು, ರಾಗಿ ಹುರಿಹಿಟ್ಟು, ನಾನೇ ಮಾಡಿದ್ದು ಎಂದರು. ಕೆಂಪರಾಜ್ ಅಮ್ಮನ ಮುಖ ನೋಡಿದರು. ಹೇಮಶ್ರೀ ನೆಲ ನೋಡಿದಳು. ಅಂಜನಮ್ಮ ಅಂಗೈ ಮುಂದೆ ಚಾಚಿದರು. ಮಂಜುಳಮ್ಮ ಹಾಕಿದ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, ಕರಗುವವರೆಗೆ ಬಾಯಾಡಿಸಿ, ಇನ್ನೊಂದು ಸಲ ಕೈ ಚಾಚಿದರು. ಹಲ್ಲಿಲ್ಲದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ, ಈ ಮನೆಯಲ್ಲಿ ಈಗ ಯಾರಿಗೂ ಮಾಡಲು ಬಾರದು ಎಂದರು.

ಆಮೇಲೆ ಮಂಜುಳಮ್ಮ ಬಂದ ಕೆಲಸ ಹೇಳಿದರು. ಆ ಮೂಟೆಯ ವಿಷಯ, ಹಸಿರಾದ ಹೊಲದ ವಿಷಯ, ತುಂಬಿದ ವಾಡೆಯ ವಿಷಯ, ಉಳಿದ ಮಗುವಿನ ವಿಷಯ. ನೀವು ಕೊಟ್ಟಿದ್ದರಿಂದ ನಮ್ಮ ಮನೆ ನಿಂತಿತು ಎಂದು ಹೇಳಿ ಎರಡೂ ಕೈ ಜೋಡಿಸಿದರು.

ಅಂಜನಮ್ಮ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ನಾನು ಕೊಟ್ಟಿದ್ದು ಕರುಣೆಯಿಂದ ಅಲ್ಲಮ್ಮ. ಹಸು ಅದನ್ನ ನೆಕ್ಕಿ ಸತ್ತೋದಾವು ಅಂತ ಭಯ ಇತ್ತು ನಂಗೆ. ನಮ್ಮೆಜಮಾನ್ರು ಎಲ್ಲಾದ್ರೂ ಎಸ್ದುಬಿಡು ಅಂದ್ರು. ಎಸೆಯಕ್ಕೆ ಜಾಗ ಅಂತ ನಿಮ್ಮ ಕೇರಿ ನೆನಪಾಯ್ತು. ನಿಮ್ಮ ಹೊಲ ಸುಟ್ಟೋದ್ರೂ ನಮಗೇನು ಅನ್ಕೊಂಡಿದ್ದೆ. ನೀನು ಇಷ್ಟು ದೂರ ಬಂದು ಕೈ ಮುಗೀತಿದ್ದೀಯ, ಸುಳ್ಳು ಹೇಳಿ ಇಸ್ಕೊಳ್ಳೋಕೆ ಮನಸ್ಸಿಲ್ಲ."

ಕೆಂಪರಾಜ್, ಈಗ ಅದೆಲ್ಲ ಯಾಕಮ್ಮ ಎನ್ನುತ್ತ ಎದ್ದರು. ಮಂಜುಳಮ್ಮ ಅವರನ್ನು ಕೂರಿಸಿದರು.

"ಅದು ನಮಗೆ ಅವತ್ತೇ ಗೊತ್ತಿತ್ತು ಅಮ್ಮೋರೆ. ಬೇಡ ಅಂತ ಎಸೆದಿದ್ದು ಅಂತ ತಿಳ್ದೇ ಹೊತ್ಕೊಂಡು ಬಂದ್ರು ನಮ್ಮನೆಯೋರು. ಆದ್ರೆ ಕೆರೆಗೂ ಎಸೀಬೋದಿತ್ತು ನೀವು. ನಮ್ಮ ಕಡೆಗೆ ಎಸೆದ್ರಿ. ನನ್ನ ಮಗ ಬದುಕ್ದ. ನಾನು ಹೇಳಕ್ಕೆ ಬಂದಿದ್ದು ಅಷ್ಟೇ."

ಅಂಜನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಗಣಿ ಮಂಕರಿಯ ಮಾತನ್ನು ಅವರೇ ಎತ್ತಿದರು. ಜಗಲಿಯ ಮೇಲೆ ನಿಂತು ನೋಡಿದ್ದೆ, ಒಂದು ಮಾತು ಅಂದಿದ್ದರೆ ದನ ಕಾಯುವವನು ಬಿಟ್ಟುಬಿಡುತ್ತಿದ್ದ, ಅನ್ನಲಿಲ್ಲ ಎಂದರು. ಮಂಜುಳಮ್ಮ ಇಲ್ಲವೆನ್ನಲಿಲ್ಲ. ಅವರಿಬ್ಬರ ಕೈ ಮಾತ್ರ ಇನ್ನೂ ಕೂಡಿಕೊಂಡೇ ಇತ್ತು.

ಕೆಂಪರಾಜ್ ಹೆಂಡತಿ ಕಾಫಿ ತಂದರು. ಮಾತು ಹಗುರವಾಯಿತು. ದಿಣ್ಣೆಯ ಹಸಿರು ನೋಡಿದ ಮೇಲೆ ಬೈಲಪ್ಪನವರೂ ಸೀಮೆಗೊಬ್ಬರಕ್ಕೆ ಇಳಿದದ್ದನ್ನು ಅಂಜನಮ್ಮ ನಗುತ್ತ ಹೇಳಿದರು. ಕೆಂಪರಾಜ್ ನಗಲಿಲ್ಲ. ತಾವು ದ್ರಾಕ್ಷಿ, ಹೂಕೋಸು ಬೆಳೆದ ಕಾಲದಲ್ಲಿ ಒಂದಕ್ಕೆ ಮೂರು ಮೂಟೆ ಸುರಿದೆವು, ಈಗ ಈ ಬೋರಿನ ನೀರು ಕುಡಿಯಲು ಯೋಗ್ಯವಲ್ಲ, ನೈಟ್ರೇಟ್ ಜಾಸ್ತಿ ಎಂದು ರಿಪೋರ್ಟ್ ಬಂದಿದೆ ಎಂದರು. ಹೇಮಶ್ರೀ ಹೌದೆಂದಳು. ಹಾಕಿದ್ದರಲ್ಲಿ ಅರ್ಧವನ್ನೂ ಬೆಳೆ ಹೀರುವುದಿಲ್ಲ, ಉಳಿದದ್ದು ಕೆರೆಗೆ, ಅಂತರ್ಜಲಕ್ಕೆ, ಗಾಳಿಗೆ ಸೇರುತ್ತದೆ. ಅದನ್ನು ತಯಾರಿಸುವಾಗಲೂ ಕಾರ್ಖಾನೆಗಳು ಲೆಕ್ಕವಿಲ್ಲದಷ್ಟು ಗ್ಯಾಸ್ ಸುಡುತ್ತವೆ. ಗ್ಯಾಸಿನ ಬದಲು ನೀರು ಮತ್ತು ಸೋಲಾರ್ ಕರೆಂಟಿನಿಂದ ಜಲಜನಕ ತೆಗೆಯುವ ಹೊಸ ಪ್ಲಾಂಟುಗಳು ಈಗ ಶುರುವಾಗುತ್ತಿವೆ, ಅವಕ್ಕೂ ನಮ್ಮ ವಾಲ್ವಿನ ಆರ್ಡರ್ ಬಂದಿದೆ ಎಂದಳು.

ಮಂಜುಳಮ್ಮ ಎಲ್ಲವನ್ನೂ ಕೇಳಿದರು. ಹೆಚ್ಚಾದರೆ ಅದು ಸುಡುತ್ತದೆ ಎನ್ನುವುದನ್ನು ಒಂದು ಮೂಲೆ ಪೈರು ಕಳೆದುಕೊಂಡು ಕಲಿತವರು ಅವರು. ಆದರೂ, ದನ ಇದ್ದವರು ಸೀಮೆಗೊಬ್ಬರವನ್ನು ಬೈದರೆ ನಾವು ಕೇಳಿಸಿಕೊಳ್ಳುತ್ತೇವೆ, ದನ ಇಲ್ಲದವರ ಮನೆಯಲ್ಲಿ ಅದು ಏನು ಮಾಡಿತು ಎಂಬುದನ್ನೂ ಅವರು ಕೇಳಿಸಿಕೊಳ್ಳಬೇಕು ಎಂದರು. ಹೊರಡುವ ಮುಂಚೆ ಇನ್ನೊಂದು ಆಸೆ ಹೇಳಿಕೊಂಡರು. ಆ ಮೂಟೆಯನ್ನು ನಮ್ಮ ಕಡೆಗೆ ಎಸೆದವರಿಗೆ ಹೇಳಿದ್ದಾಯಿತು, ಅದನ್ನು ಮಾಡುವವರಿಗೂ ಹೇಳಬೇಕು. ಸಮುದ್ರದವರೆಗೆ ಹೋಗುವುದು ತಮ್ಮಿಂದಾಗದು. ವಾಲ್ವು ಮಾಡುವವರು ದೊಡ್ಡನೆಕ್ಕುಂದಿಯಲ್ಲೇ ಇದ್ದಾರಲ್ಲ.

ಆಯುಧಪೂಜೆಗೆ ಕಾರ್ಖಾನೆಯವರು ಕೆಲಸಗಾರರ ಮನೆಯವರನ್ನೆಲ್ಲ ಕರೆಯುತ್ತಾರೆ, ಆ ದಿನ ಬನ್ನಿ ಎಂದರು ಕೆಂಪರಾಜ್. ನಾನೂ ಬರುತ್ತೇನೆ ಎಂದರು ಅಂಜನಮ್ಮ. ಅವರು ಮನೆಯಿಂದ ಹೊರಗೆ ಕಾಲಿಟ್ಟು ಬಹಳ ಕಾಲವಾಗಿತ್ತು.

ಆಯುಧಪೂಜೆಯ ದಿನ ಮಿಷನ್ನುಗಳಿಗೆ ಬಾಳೆಕಂದು, ಚೆಂಡುಹೂವು ಕಟ್ಟಿದ್ದರು. ರಸೆಲ್ ಮಾರುಕಟ್ಟೆಯಿಂದ ತಂದ ಹೂವಿನ ವಾಸನೆ ಆಯಿಲ್ ವಾಸನೆಯ ಜೊತೆ ಬೆರೆತಿತ್ತು. ಕೆಂಪರಾಜ್ ಕಾರಿನಲ್ಲಿ ಇಬ್ಬರು ಅಜ್ಜಿಯರನ್ನೂ ಒಟ್ಟಿಗೆ ಕರೆತಂದರು. ಮಂಜುಳಮ್ಮನ ಮನೆಯಲ್ಲಿ ಪೂಜೆ ಮಾಡುವುದಿಲ್ಲ, ಬುದ್ಧನ ಮುಂದೆ ದೀಪ ಹಚ್ಚುತ್ತಾರೆ ಅಷ್ಟೆ. ಹಾಗಾಗಿ ಮಂಗಳಾರತಿ ಮುಗಿಯುವವರೆಗೆ ಅವರು ಪಕ್ಕದಲ್ಲಿ ಕೂತಿದ್ದು, ಆಮೇಲೆ ಮೊಮ್ಮಗಳ ಕೈ ಹಿಡಿದು ಒಳಗೆ ಬಂದರು.

ಹೇಮಶ್ರೀ ಮೇಜಿನ ಮೇಲೆ ತಯಾರಾಗಿ ಕೂತಿದ್ದ ಒಂದು ವಾಲ್ವನ್ನು ತೋರಿಸಿದಳು. ಸಣ್ಣ ಕುಂಬಳಕಾಯಿಯಷ್ಟು ದಪ್ಪ, ಕನ್ನಡಿಯಂಥ ಹೊಳಪು. ಮಂಜುಳಮ್ಮ ಅದರ ಮೇಲೆ ಕೈಯಾಡಿಸಿದರು. ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ಹೇಮಶ್ರೀ ಲೇತ್ ಹತ್ತಿರ ನಿಂತಿದ್ದ ಈರೇಶನನ್ನು ಕರೆದಳು. ಸಿಂಧನೂರಿನ ಕಡೆಯವನು, ಈ ಕಾರ್ಖಾನೆಯ ಹಳೆಯ ಆಪರೇಟರ್. ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಏನೋ ತಪ್ಪು ಹುಡುಕಿದ್ದಾರೆ ಎಂದುಕೊಂಡು ಗಾಬರಿಯಿಂದಲೇ ಬಂದ.

ಮಂಜುಳಮ್ಮ ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. ಒರಟು ಕೈಗಳು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು.

"ನಾನು ಬಾಣಂತಿಯಾಗಿದ್ದಾಗ ನನ್ನ ಎದೆಯಲ್ಲಿ ಹಾಲು ಬಂದಿದ್ದು ಈ ಕೆಲಸದಿಂದ ಕಣಪ್ಪ. ನಿನ್ನಂಗೆ ಯಾರೋ ಅವತ್ತು ಎಲ್ಲೋ ಕೂತು ಮಾಡಿದ್ರು. ಅವರು ಯಾರು ಅಂತ ನಂಗೆ ಗೊತ್ತಾಗಲ್ಲ. ಅದಕ್ಕೆ ನಿಂಗೆ ಹೇಳ್ತಿದ್ದೀನಿ."

ಈರೇಶನಿಗೆ ಮೊದಲು ಅರ್ಥವಾಗಲಿಲ್ಲ. ಹೇಮಶ್ರೀ ವಿವರಿಸಿದಳು. ಅವನು ವಾಲ್ವನ್ನೂ ಅಜ್ಜಿಯನ್ನೂ ನೋಡಿದ. ಡ್ರಾಯಿಂಗಿನಲ್ಲಿ ಅಳತೆ ಇರುತ್ತದೆ, ನಂಬರ್ ಇರುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

"ನಮ್ಮಪ್ಪ ಭತ್ತ ಹಚ್ತಾನ್ರೀ. ಯೂರಿಯಾ ಸಲುವಾಗಿ ಸೊಸೈಟಿ ಮುಂದ ಪಾಳಿ ಹಚ್ಚಿ ನಿಂದರ್ತಾನ. ನಾ ಮಾಡಿದ್ದು ಅದಕ್ಕ ಹೋಗ್ತೈತಂತ ನನಗ ಗೊತ್ತಿದ್ದಿಲ್ರೀ," ಎಂದ.

ಅಂಜನಮ್ಮನಿಗೆ ಯಾರೋ ಕುರ್ಚಿ ತಂದುಕೊಟ್ಟಿದ್ದರು. ಅವರು ಇನ್ನೊಂದು ಕುರ್ಚಿ ತರಿಸಿ ಮಂಜುಳಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕಡಲೆಪುರಿ, ಬಾಳೆಹಣ್ಣು ಹಂಚಿದರು. ಈರೇಶ ಅಲ್ಲೇ ನಿಂತು ಊರಿಗೆ ಫೋನ್ ಹಚ್ಚಿದ. ಅಪ್ಪನಿಗೆ ಅವನು ಏನು ಹೇಳಿದನೋ ಆ ಗದ್ದಲದಲ್ಲಿ ಕೇಳಿಸಲಿಲ್ಲ. ನಗುತ್ತ ಫೋನನ್ನು ಮಂಜುಳಮ್ಮನ ಕೈಗೆ ಕೊಟ್ಟ. ಮಂಜುಳಮ್ಮ ಅದನ್ನು ಕಿವಿಗೊತ್ತಿಕೊಂಡು, ಒಂದು ಬೆರಳಿನಿಂದ ಇನ್ನೊಂದು ಕಿವಿ ಮುಚ್ಚಿಕೊಂಡು, ಕಾಲುವೆಗೆ ನೀರು ಬಿಟ್ಟಿದ್ದಾರಾ, ಪೈರು ಯಾವ ಹಂತದಲ್ಲಿದೆ ಎಂದು ವಿಚಾರಿಸತೊಡಗಿದರು.